ಬದರಿ ಉಂಡನೇ

ತಿರುವಲ್ಲಿಕೇಣಿ, ಚೆನ್ನೈ
11 ಜೂನ್ 2024

ಕೋತಿಗಳನ್ನು ನೋಡಿಕೊಳ್ಳುವ ಸಂಜೀವ ಅವರಿಗೆ,

ನಾವೆಲ್ಲ ಕ್ಷೇಮ ಎಂದು ಮೊದಲು ಬರೆಯಬೇಕು. ಕ್ಷೇಮವಾಗಿದ್ದರೆ ಬರೆಯುತ್ತಿದ್ದೆ. ನನ್ನ ಹೆಸರು ಭೀಮಾಬಾಯಿ. ಹೋದ ವಾರ ಅರಣ್ಯ ಇಲಾಖೆಯವರು ನಮ್ಮ ಮನೆಯಿಂದ ಹಿಡಿದು ನಿಮ್ಮ ಕೇಂದ್ರಕ್ಕೆ ತಂದು ಬಿಟ್ಟರಲ್ಲ, ಎಡಗೈ ಕಿರುಬೆರಳು ಸೊಟ್ಟ ಇರುವ ಗಂಡು ಕೋತಿ, ಅವನು ನಮ್ಮ ಬದರಿ. ಪೂರ್ತಿ ಹೆಸರು ಬದರಿನಾಥ. ಕೂಗುವುದು ಬದರಿ ಎಂದೇ.

ನಿಮ್ಮ ಆಫೀಸಿಗೆ ಫೋನ್ ಮಾಡಿದರೆ ಒಬ್ಬ ಹೆಂಗಸು, "ವಿಸಿಟಿಂಗ್ ಕಿಡೆಯಾದು ಮೇಡಂ", ನೋಡಲು ಬಿಡುವುದಿಲ್ಲ ಎಂದು ಫೋನ್ ಇಟ್ಟುಬಿಡುತ್ತಾಳೆ. ನೇರವಾಗಿ ಗೇಟಿಗೇ ಬಂದೆ. ಕಾವಲಿನವನು ಒಳಗೆ ಬಿಡಲಿಲ್ಲ. ಆದರೆ ನನ್ನ ತಮಿಳು ಕೇಳಿ, "ಮಾಮಿ ಕನ್ನಡಮಾ? ಒಳಗೆ ಸಂಜೀವ ಅಂತ ಒಬ್ಬರು ಗುಂಡ್ಲುಪೇಟೆಯವರು ಇದ್ದಾರೆ, ಕಾಗದ ಬರೆಯಿರಿ, ಕೊಡುತ್ತೇನೆ" ಎಂದ. ಅದಕ್ಕೇ ಬರೆಯುತ್ತಿದ್ದೇನೆ. ಐದನೇ ಕ್ಲಾಸು ಮುಗಿಯುವ ಮೊದಲೇ ಶಾಲೆ ಬಿಡಿಸಿದರು, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಕೋತಿ ಸಾಕುವುದು ಕಾನೂನಿಗೆ ವಿರುದ್ಧ ಎಂದು ಆ ಆಫೀಸರು ಗದರಿದರು. ಸಾಕಬೇಕೆಂದು ತಂದವಳಲ್ಲ ನಾನು. ಅಡ್ಯಾರಿನಲ್ಲಿ ಶ್ರಾದ್ಧದ ಅಡುಗೆಗೆ ಹೋಗಿದ್ದೆ. ಹಿತ್ತಲಲ್ಲಿ ಕರೆಂಟಿನ ತಂತಿ ತಗುಲಿ ತಾಯಿ ಕೋತಿ ಸತ್ತು ಬಿದ್ದಿತ್ತು. ಇವನು ಅಂಗೈಯಷ್ಟು, ಅದರ ಹೊಟ್ಟೆಗೆ ಅಂಟಿಕೊಂಡಿದ್ದ. ಎಲ್ಲರೂ ಮುಟ್ಟಬೇಡಿ ಮೈಲಿಗೆ ಎಂದರು. ನಾನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ. ಹತ್ತು ವರ್ಷದ ಮೇಲಾಯಿತು.

ಅವನಿಗೆ ಈರುಳ್ಳಿ ಬೆಳ್ಳುಳ್ಳಿ ಆಗುವುದಿಲ್ಲ. ಮೊಸರನ್ನ ನುಣ್ಣಗೆ ಕಲಸಬೇಕು. ಏಕಾದಶಿ ನಮಗೆ ಉಪವಾಸ, ಅವನಿಗಿಲ್ಲ, ಅವಲಕ್ಕಿ ಕೊಡುತ್ತೇನೆ. ಗುಡುಗಿದರೆ ಹೆದರುತ್ತಾನೆ, ಪಕ್ಕದಲ್ಲಿ ಒಬ್ಬರು ಕೂತಿರಬೇಕು. ಅಲ್ಲಿ ಯಾರಾದರೂ ಕೂರುತ್ತಾರೆಯೇ? ಉಣ್ಣುತ್ತಿದ್ದಾನೆಯೇ? ಅಷ್ಟು ಮಾತ್ರ ತಿಳಿಸಿ.

ಇಂತಿ,
ಭೀಮಾಬಾಯಿ ಹರಿದಾಸ


ಕೇಂದ್ರದ ವಸತಿ
22 ಜೂನ್ 2024

ಅಮ್ಮಾ,

ನಿಮ್ಮ ಕಾಗದ ಬಂತು. ಇಲ್ಲಿ ಅವನಿಗೆ ಹೆಸರಿಲ್ಲ, ಹದಿನೇಳು ಎಂಬ ನಂಬರ್ ಇದೆ. ಹೊಸದಾಗಿ ಬಂದವರನ್ನು ಮೊದಲು ಬೇರೆ ಪಂಜರದಲ್ಲಿ ಇಡುತ್ತೇವೆ, ರೋಗ ಗೀಗ ಇದ್ದರೆ ಹರಡಬಾರದು ಎಂದು. ಸದ್ಯ ಅಲ್ಲಿದ್ದಾನೆ.

ಮೊಸರನ್ನ ಇಲ್ಲ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚು ಬಂದಿದೆ. ಕೋತಿಗೆ ಸಕ್ಕರೆ ಕಾಯಿಲೆ ತರಿಸಿದವರನ್ನು ನಾನು ನೋಡುತ್ತಿರುವುದು ಇದೇ ಮೊದಲಲ್ಲ, ಬಿಡಿ. ಸೊಪ್ಪು, ಸೌತೆ, ಕುಂಬಳಕಾಯಿ, ನೆನೆಸಿದ ಕಡಲೆ ಕೊಡುತ್ತೇವೆ.

ನೀವು ಕೇಳಿದ್ದಕ್ಕೆ ಉತ್ತರ, ಉಣ್ಣುತ್ತಿಲ್ಲ. ಸಿಟ್ಟೂ ಇಲ್ಲ, ಎಸೆಯುವುದೂ ಇಲ್ಲ. ಕೊಟ್ಟದ್ದನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಮುಂದೆ ಇಟ್ಟುಕೊಂಡು, ಕೂತುಬಿಡುತ್ತಾನೆ. ಬಾಗಿಲ ಕಡೆ ನೋಡುತ್ತಾನೆ. ಸಂಜೆ ಅದನ್ನು ಹಾಗೇ ವಾಪಸು ತೆಗೆಯುತ್ತೇನೆ. ಪಂಜರದೊಳಗೆ ಬಗ್ಗಿದ ಬೇವಿನ ಕೊಂಬೆಯಿಂದ ಎಲೆ ಕಿತ್ತು ತಿನ್ನುತ್ತಾನೆ, ನೀರು ಕುಡಿಯುತ್ತಾನೆ, ಜೀವ ಹಿಡಿದಿರುವುದು ಅದರಲ್ಲೇ. ಹತ್ತು ಹನ್ನೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಹೀಗೆ ಕೂರುವ ಪ್ರಾಣಿಯನ್ನು ನೋಡಿಲ್ಲ.

ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಡಾಕ್ಟರ್ ಅಜಿತ್ ಹೇಳುವುದು ಇಷ್ಟು. ತೂಕ ಹೀಗೇ ಇಳಿದರೆ ಮತ್ತಿನ ಔಷಧ ಕೊಟ್ಟು ನಳಿಕೆಯಲ್ಲಿ ಉಣಿಸಬೇಕು. ಹಾಗೆ ಉಣ್ಣುವವನನ್ನು ಗುಂಪಿಗೆ ಸೇರಿಸಲು ಆಗುವುದಿಲ್ಲ. ಬದುಕಿದರೆ ಒಂಟಿ ಪಂಜರದಲ್ಲೇ ಕೊನೆಯವರೆಗೂ. ನಮ್ಮಲ್ಲಿ ಅಂಥವು ಇವೆ. ತಮ್ಮ ಕೈಯನ್ನು ತಾವೇ ಕಚ್ಚಿಕೊಳ್ಳುತ್ತಾ ಕೂರುತ್ತವೆ. ನೀವು ನೋಡದಿರುವುದೇ ಒಳ್ಳೆಯದು.

ಮನೆಯಲ್ಲಿ ಹೇಗೆ ಉಣ್ಣುತ್ತಿದ್ದ, ಬರೆಯಿರಿ. ಏನು ಎಂದಲ್ಲ, ಹೇಗೆ.

ಸಂಜೀವ


ತಿರುವಲ್ಲಿಕೇಣಿ
26 ಜೂನ್ 2024

ಸಂಜೀವ ಅವರಿಗೆ,

ನಿಮ್ಮ ಕಾಗದ ಓದಿ ಅಡುಗೆಗೆ ಎದ್ದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಇವರು ಒಂದು ತುತ್ತು ತಿಂದು, "ಮಗು ಹೋದ ಮನೆ ಹಾಗೆ ಮಾಡ್ತಿದೀಯಲ್ಲೇ, ಅದು ಕೋತಿ" ಎಂದರು. ಇವರು ಎಂದರೆ ಹರಿದಾಸರು, ನಮ್ಮ ಯಜಮಾನರು. ಬದರಿಯನ್ನು ಹಿಡಿದುಕೊಂಡು ಹೋದ ದಿವಸ, ಪೀಡೆ ತೊಲಗಿತು ಎಂದವರು ಇವರೇ. ಹಾಗೆಂದವರು ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಹೋದಾಗ ಒಂದೇ ಒಂದು ಏಲಕ್ಕಿ ಬಾಳೆಹಣ್ಣು ಜೇಬಿನಲ್ಲಿ ಹಾಕಿಕೊಂಡು ಬರುತ್ತಾರೆ. ಕೇಳಿದರೆ ನನಗೆ ಎನ್ನುತ್ತಾರೆ. ಅವರಿಗೆ ಬಾಳೆಹಣ್ಣು ಸೇರುವುದಿಲ್ಲ.

ಹೇಗೆ ಉಣ್ಣುತ್ತಿದ್ದ ಎಂದರೆ ಹೇಗೆ ಹೇಳಲಿ. ನಮ್ಮ ಜೊತೆ ಉಣ್ಣುತ್ತಿದ್ದ. ಅಂಚಿರುವ ಚಿಕ್ಕ ಸ್ಟೀಲ್ ತಟ್ಟೆ. ಹಬ್ಬದ ದಿನ ಬಾಳೆ ಎಲೆ. ಪೂರ್ವಕ್ಕೆ ಮುಖ. ತಟ್ಟೆಗೆ ನೆಲದ ತಂಪು ತಾಗದಂತೆ ಕೆಳಗೆ ಒಂದು ಹಲಗೆ. ನಾನು ಬಡಿಸಬೇಕು, ಪಕ್ಕದ ಮನೆಯ ವೃಂದಾ ಬಡಿಸಿದರೆ ಅನುಮಾನದಿಂದ ಮೂಸುತ್ತಾನೆ. ಬಿಸಿ ಇರಬಾರದು. ನಿಮ್ಮ ಕಡಲೆ ಗಟ್ಟಿ ಇರಬಹುದೇ? ನೀರು ಬೋರಿನದೇ? ಅಲ್ಲಿ ಕೆಲಸದವರು ಬೀಡಿ ಸೇದುತ್ತಾರೆಯೇ? ಆ ವಾಸನೆ ಅವನಿಗಾಗದು.

ನನ್ನನ್ನು ಒಂದು ಹೊತ್ತು ಒಳಗೆ ಬಿಡಿ. ಯಾರಿಗೂ ಹೇಳುವುದಿಲ್ಲ. ಉಣಿಸಿ ಬಂದುಬಿಡುತ್ತೇನೆ. ತಿನ್ನುವವನು ತಿನ್ನದೆ ಸಾಯುತ್ತಿದ್ದಾನೆ, ತಿನ್ನಿಸುವವಳು ಇಲ್ಲಿ ಕೂತು ಉಪ್ಪು ಅಳೆಯುತ್ತಿದ್ದೇನೆ, ನಡುವೆ ನಿಮ್ಮ ರೂಲ್ಸು.

ಇಂತಿ,
ಭೀಮಾಬಾಯಿ


8 ಜುಲೈ 2024

ಅಮ್ಮಾ,

ಒಳಗೆ ಬಿಡಲು ಆಗುವುದಿಲ್ಲ. ನೀವು ಬಂದರೆ ಆ ಹೊತ್ತು ಉಣ್ಣುತ್ತಾನೆ. ನೀವು ಹೋದ ಮೇಲೆ ಎರಡರಷ್ಟು ದಿನ ಉಣ್ಣದೆ ಕೂರುತ್ತಾನೆ. ಇದನ್ನು ನಾವು ಬೇರೆ ಪ್ರಾಣಿಗಳಲ್ಲಿ ನೋಡಿ ಕಲಿತಿದ್ದೇವೆ.

ನೀವು ಹೇಳಿದ್ದನ್ನೆಲ್ಲ ಮಾಡಿದೆ. ಸ್ಟೀಲ್ ತಟ್ಟೆ ಇಟ್ಟೆ. ಹಲಗೆ ಇಟ್ಟೆ. ಕೋಯಂಬೇಡಿನಿಂದ ತರಕಾರಿ ತರುವ ವ್ಯಾನಿನವನಿಗೆ ಹೇಳಿ ಬಾಳೆ ಎಲೆ ತರಿಸಿದೆ. ತಟ್ಟೆಯನ್ನು ಪೂರ್ವಕ್ಕೆ ತಿರುಗಿಸುತ್ತಿದ್ದಾಗ ಡಾಕ್ಟರ್ ಬಂದರು. "ಏನ್ ಸಂಜೀವ, ಗೃಹಪ್ರವೇಶವಾ?" ಎಂದರು. ಕೋತಿ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿದ ಹಾಗೆ ಕೂತಿತು. ತಿನ್ನಲಿಲ್ಲ. ನನಗೂ ಸಾಕಾಗಿ ಹೋಗಿದೆ.

ಒಂದು ವಿಚಿತ್ರ ಮಾತ್ರ ಬರೆಯಬೇಕು. ನಿನ್ನೆ ಸಂಜೆ ತಟ್ಟೆ ವಾಪಸು ತೆಗೆಯಲು ಹೋದೆ. ಕಾಂಪೌಂಡಿನ ಆಚೆ ರಸ್ತೆಯಲ್ಲಿ ಸೋನ್‌ಪಾಪ್ಡಿ ಗಾಡಿಯವನು ಘಂಟೆ ಅಲ್ಲಾಡಿಸಿಕೊಂಡು ಹೋದ. ಇವನು ತಟ್ಟೆಗೆ ಕೈ ಹಾಕಿದ. ಕುಂಬಳಕಾಯಿ, ಕಡಲೆ, ಸೊಪ್ಪು, ಒಂದೂ ಬಿಡದೆ ಗಬಗಬ ತಿಂದ. ಎರಡೂ ಕೆನ್ನೆ ಚೀಲದ ಹಾಗೆ ಊದಿದವು. ಇವತ್ತು ಗಾಡಿ ಬರಲಿಲ್ಲ, ಇವನೂ ತಿನ್ನಲಿಲ್ಲ. ಸೋನ್‌ಪಾಪ್ಡಿ ಕೊಟ್ಟು ಅಭ್ಯಾಸ ಮಾಡಿಸಿದ್ದೀರಾ? ನಿಜ ಹೇಳಿ.

ಸಂಜೀವ


ತಿರುವಲ್ಲಿಕೇಣಿ
11 ಜುಲೈ 2024

ಸಂಜೀವಪ್ಪಾ,

ಸೋನ್‌ಪಾಪ್ಡಿ ಅಲ್ಲಪ್ಪ, ಘಂಟೆ. ನೈವೇದ್ಯದ ಘಂಟೆ.

ನಮ್ಮ ಮನೆಯಲ್ಲಿ ಎಷ್ಟೇ ಹಸಿವಾಗಿರಲಿ, ದೇವರಿಗೆ ತೋರಿಸುವವರೆಗೂ ಯಾರೂ ಬಾಯಿಗೆ ಹಾಕುವುದಿಲ್ಲ. ಇವರು ಪೂಜೆ ಮುಗಿಸಿ, ನೈವೇದ್ಯ ಮಾಡಿ, ಘಂಟೆ ಬಾರಿಸಬೇಕು. ಆಮೇಲೆ ಊಟ. ಬದರಿ ಚಿಕ್ಕವನಿದ್ದಾಗ ಮೊದಲೇ ಕೈ ಹಾಕಲು ಬರುತ್ತಿದ್ದ. ನೆಲಕ್ಕೆ ಪಟಾರನೆ ಹೊಡೆಯುತ್ತಿದ್ದೆ, ಹಿಂದೆ ಸರಿಯುತ್ತಿದ್ದ. ಆಮೇಲಾಮೇಲೆ ಹೊಡೆಯುವುದೇ ಬೇಡವಾಯಿತು. ಇವರು ಪೂಜೆಗೆ ಕೂತರೆ ಅವನೂ ಬಾಲ ಕಾಲಿಗೆ ಸುತ್ತಿಕೊಂಡು ತಟ್ಟೆಯ ಮುಂದೆ ಕೂರುತ್ತಿದ್ದ. ಘಂಟೆಯಾದರೆ ಕೈ. ಅದನ್ನು ನೋಡಲೆಂದೇ ಜನ ಬರುತ್ತಿದ್ದರು. "ಈ ಕೋತಿಗಿರೋ ಆಚಾರ ನಮ್ಮ ಮಕ್ಕಳಿಗಿಲ್ಲ ಭೀಮಾ" ಎನ್ನುತ್ತಿದ್ದರು. ನನಗೂ ಹೆಮ್ಮೆ.

ಇಷ್ಟು ಬರೆದಿದ್ದೇನೆ, ತಟ್ಟೆಯ ಅಂಚು ಬರೆದೆ, ಹಲಗೆ ಬರೆದೆ, ಬೀಡಿ ಬರೆದೆ, ಇದೊಂದು ಹೊಳೆಯಲಿಲ್ಲವಲ್ಲ. ಹೇಗೆ ಹೊಳೆದೀತು? ಉಸಿರಾಡುತ್ತಾನೆ ಎಂದು ಯಾರಾದರೂ ಬರೆಯುತ್ತಾರೆಯೇ? ಇಷ್ಟು ದಿನ ಆ ಕಂದ ಘಂಟೆಗೆ ಕಾಯುತ್ತಾ ಹಸಿದು ಕೂತಿದ್ದಾನೆ. ಯಾರೋ ಮರೆತಿದ್ದಾರೆ, ಈಗ ಬಾರಿಸಿಯಾರು ಎಂದುಕೊಂಡಿರಬೇಕು.

ನಮ್ಮ ಘಂಟೆ ಕಳಿಸಲೇ? ಹಿಡಿಯಲ್ಲಿ ಹನುಮಂತ ಇರುವುದು. ಅತ್ತೆಯವರ ಕಾಲದ್ದು, ನಾದ ಬೇರೆ. ಇವರನ್ನು ಹೇಗಾದರೂ ಒಪ್ಪಿಸುತ್ತೇನೆ. ಕೊರಿಯರಿನಲ್ಲಿ ಕಳಿಸಿದರೆ ಬಿರುಕು ಬಿಡುತ್ತದೆಯೇ? ನಾನೇ ತರಲೇ?

ಭೀಮಾಬಾಯಿ


30 ಜುಲೈ 2024

ಅಮ್ಮಾ,

ಘಂಟೆ ಕಳಿಸಬೇಡಿ, ತರಲೂ ಬೇಡಿ. ದೇವಸ್ಥಾನದ ಮುಂದಿನ ಅಂಗಡಿಯಲ್ಲಿ ಒಂದು ಚಿಕ್ಕದು ಕೊಂಡೆ. ಬಾರಿಸಿದ ಕೂಡಲೇ ತಿಂದ. ಅವತ್ತಿನಿಂದ ತಪ್ಪದೆ ತಿನ್ನುತ್ತಿದ್ದಾನೆ. ತೂಕ ಏರಿದೆ, ಸಕ್ಕರೆ ಇಳಿದಿದೆ. ನಳಿಕೆಯ ಮಾತು ಸದ್ಯಕ್ಕಿಲ್ಲ.

ಈಗ ಬೇರೆ ತಲೆನೋವು. ಗುಂಪಿನ ಪಕ್ಕದ ಪಂಜರಕ್ಕೆ ತಂದಿದ್ದೇವೆ, ನಡುವೆ ಬರೀ ಜಾಲರಿ. ಪರಸ್ಪರ ನೋಡಿ ಅಭ್ಯಾಸವಾಗಲಿ ಎಂದು. ಅವರು ಜಾಲರಿಯಲ್ಲಿ ಕೈ ತೂರಿಸಿ ಇವನ ತಟ್ಟೆಯಿಂದ ತೆಗೆದು ತಿನ್ನುತ್ತಾರೆ. ಇವನು ತಡೆಯುವುದೂ ಇಲ್ಲ, ತಾನು ಮುಟ್ಟುವುದೂ ಇಲ್ಲ. ಘಂಟೆಯಾಗಿಲ್ಲವಲ್ಲ, ಪಂಕ್ತಿಯ ಯಜಮಾನನ ಹಾಗೆ ನೋಡುತ್ತಾ ಕೂರುತ್ತಾನೆ. ಗುಂಪಿನೊಳಗೆ ಹೋದರೆ ಅಲ್ಲಿ ಸಿಕ್ಕವರಿಗೆ ಸಿಕ್ಕಷ್ಟು. ಕಾಯುವವನು ಹಸಿದು ಸಾಯುತ್ತಾನೆ.

ಆದ್ದರಿಂದ ಘಂಟೆ ಬಿಡಿಸಬೇಕು. ದಿನದಿನಕ್ಕೆ ಸ್ವಲ್ಪ ದೂರದಿಂದ, ಸ್ವಲ್ಪ ಮೆಲ್ಲಗೆ ಬಾರಿಸುತ್ತಿದ್ದೇನೆ. ಆಮೇಲೆ ನಿಲ್ಲಿಸುತ್ತೇನೆ. ಅದಾದರೆ ಗುಂಪಿಗೆ ಬಿಡಬಹುದು. ಆಗದಿದ್ದರೆ ಏನು ಎಂದು ಮೊದಲೇ ಬರೆದಿದ್ದೇನೆ. ದಯವಿಟ್ಟು ತಾಳ್ಮೆಯಿರಲಿ. ಗೇಟಿನ ಹತ್ತಿರವೂ ಬರಬೇಡಿ.

ಸಂಜೀವ


ತಿರುವಲ್ಲಿಕೇಣಿ
9 ಆಗಸ್ಟ್ 2024

ಸಂಜೀವಪ್ಪಾ,

ಉಂಡ ಎಂದು ಓದಿದ ದಿವಸ ನಾನೂ ಹೊಟ್ಟೆ ತುಂಬ ಉಂಡೆ. ನಿಮ್ಮ ತಾಯಿ ಹೊಟ್ಟೆ ತಣ್ಣಗಿರಲಿ.

ಆದರೆ ಉಳಿದದ್ದು ನನಗೆ ಹಿಡಿಸಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟು ವರ್ಷ ಕಲಿಸಿದ ಒಳ್ಳೆಯದನ್ನು ಬಿಡಿಸುತ್ತೇನೆ ಎನ್ನುತ್ತೀರಿ. ಕಿತ್ತು ತಿನ್ನುವುದನ್ನು ಕಲಿಸುತ್ತೇನೆ ಎನ್ನುತ್ತೀರಿ. ಆ ಬೇರೆ ಕೋತಿಗಳಿಗೇ ನೀವು ಕಾಯುವುದನ್ನು ಕಲಿಸಬಾರದೇ? ಒಬ್ಬನಿಗೆ ಬಂದದ್ದು ಹತ್ತು ಜನಕ್ಕೆ ಬಾರದೇ? ಇದನ್ನು ಇವರ ಹತ್ತಿರ ಹೇಳಿದೆ. "ಅವರಿಗೆಲ್ಲ ಮಠದಲ್ಲಿ ಮುದ್ರೆನೂ ಹಾಕಿಸಿಬಿಡು" ಎಂದು ನಕ್ಕರು. ನಗುವ ಮಾತೇ ಇದು?

ದೂರದಿಂದ ಮೆಲ್ಲಗೆ ಬಾರಿಸುತ್ತೀರಂತೆ. ಮೆಲ್ಲಗಾದಷ್ಟೂ ಅವನು ಏನೆಂದುಕೊಳ್ಳುತ್ತಾನೆ? ಮನೆ ದೂರವಾಗುತ್ತಿದೆ ಎಂದುಕೊಳ್ಳುವುದಿಲ್ಲವೇ? ನೀವು ತೂಕ ನೋಡುತ್ತೀರಿ, ಅವನ ಮುಖ ನೋಡಿದ್ದೀರಾ?

ನಾನು ಬರುವುದಿಲ್ಲ. ಬರುವುದಿಲ್ಲ ಎಂದು ಹೇಳಿದ್ದೇನಲ್ಲ. ಅವನಿಗೆ ನನ್ನ ನೆನಪಿದೆಯೇ ಎಂಬುದನ್ನಾದರೂ ಬರೆಯಿರಿ.

ಭೀಮಾಬಾಯಿ


19 ಸೆಪ್ಟೆಂಬರ್ 2024

ಭೀಮಾಬಾಯಿ ಅವರಿಗೆ,

ಸಿಟ್ಟು ಇಳಿಯಲಿ ಎಂದು ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಇಳಿದಿಲ್ಲ.

ಘಂಟೆ ಪೂರ್ತಿ ನಿಂತಿತ್ತು. ಅವನನ್ನು ಗುಂಪಿಗೆ ಬಿಟ್ಟಿದ್ದೆವು. ಮಂಗಳವಾರ ಮಧ್ಯಾಹ್ನ ಮೊದಲನೇ ಸಲ ತಾನಾಗಿ ಗುಂಪಿನ ಊಟದ ತೊಟ್ಟಿಗೆ ಕೈ ಹಾಕಿ ಒಂದು ಹೋಳು ಕುಂಬಳಕಾಯಿ ತೆಗೆದ. ಒಂದು ಮುದಿ ಹೆಣ್ಣಿದೆ, ಅದರ ಪಕ್ಕ ಹೋಗಿ ಕೂತ. ಅದೂ ಸುಮ್ಮನಿತ್ತು. ನಾನು ಜಾಲರಿಯ ಹೊರಗಿನಿಂದ ನೋಡುತ್ತಿದ್ದೆ. ಬಾಯಿಯ ಹತ್ತಿರ ತಂದಿದ್ದ. ಆಗ ಹಿಂದಿನ ಗೋಡೆಯಾಚೆಯಿಂದ ಘಂಟೆ.

ಸೋನ್‌ಪಾಪ್ಡಿ ಗಾಡಿಯ ಘಂಟೆಯಲ್ಲ. ನಿಮಗೆ ಗೊತ್ತು ಯಾವುದು ಎಂದು.

ಹೋಳು ಕೆಳಗೆ ಹಾಕಿ ಗೋಡೆ ಕಡೆಯ ಜಾಲರಿಗೆ ಓಡಿದ. ಅಲ್ಲಿ ಕೂತ. ಅದು ಗುಂಪಿನ ದೊಡ್ಡ ಗಂಡು ಕೂರುವ ಜಾಗ. ಏಳು ಎಂದು ಅದು ಹಲ್ಲು ತೋರಿಸಿತು, ಗುರುಗುಟ್ಟಿತು. ಇವನಿಗೆ ಕೋತಿಗಳ ಆ ಮಾತು ಬರುವುದಿಲ್ಲ. ಬಂದಿದ್ದರೂ ಅವತ್ತು ಏಳುತ್ತಿರಲಿಲ್ಲ. ಘಂಟೆ ಕೇಳಿಸುತ್ತಲೇ ಇತ್ತಲ್ಲ. ನಾವು ಬಾಗಿಲು ತೆಗೆದು ಒಳಗೆ ಹೋಗುವಷ್ಟರಲ್ಲಿ ಭುಜ ಕಚ್ಚಿ ಸೀಳಿತ್ತು. ಹೊಲಿಗೆ ಹಾಕಿದ್ದೇವೆ. ಮತ್ತೆ ಒಂಟಿ ಪಂಜರ. ಮತ್ತೆ ತಟ್ಟೆಯ ಮುಂದೆ ಕೂರುತ್ತಿದ್ದಾನೆ. ಜೂನ್ ತಿಂಗಳಿನಿಂದ ಮಾಡಿದ್ದೆಲ್ಲ ನೀರಿನಲ್ಲಿ ಹೋಯಿತು.

ಡಾಕ್ಟರ್ ನನ್ನನ್ನು ಕೇಳಿದರು, ಆಕೆಗೆ ಕಾಗದ ಬರೆದು ತಲೆ ಕೆಡಿಸಿದವನು ನೀನೇ ಅಲ್ಲವಾ ಎಂದು.

ಸಂಜೀವ


ತಿರುವಲ್ಲಿಕೇಣಿ
24 ಸೆಪ್ಟೆಂಬರ್ 2024

ಸಂಜೀವ ಅವರಿಗೆ,

ಇವರಿಗೆ ರಾಘವೇಂದ್ರ ಮಠಕ್ಕೆ ಹೋಗುತ್ತೇನೆ ಎಂದು ಹೇಳಿ ಘಂಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಆಟೋದವನು ನಿಮ್ಮ ಹಿಂದಿನ ರಸ್ತೆಯಲ್ಲಿ ನಿಲ್ಲಿಸಿ, "ಎನ್ನ ಮಾಮಿ, ಇಂಗೆ ಕೋವಿಲೇ ಇಲ್ಲೈಯೇ", ಇಲ್ಲಿ ಗುಡಿಯೇ ಇಲ್ಲವಲ್ಲ ಎಂದ. ಇದೆಯಪ್ಪ, ನೀನು ಸುಮ್ಮನಿರು ಎಂದೆ. ಅವನು ಬೀಡಿ ಹಚ್ಚಿಕೊಂಡು ನಿಂತು ನನ್ನನ್ನೇ ನೋಡುತ್ತಿದ್ದ. ಹುಚ್ಚಿ ಎಂದುಕೊಂಡಿರಬೇಕು.

ನಾನು ಇದ್ದೇನೆ ಎಂದು ಅವನಿಗೆ ಗೊತ್ತಾದರೆ ಸಾಕು ಎಂದಷ್ಟೇ. ಕರೆಯಬೇಕೆಂದಲ್ಲ.

ಬಾರಿಸಿದೆ. ಒಳಗಿನಿಂದ ಅವನ ಕೂಗು ಕೇಳಿಸಿತು. ಅವನದೇ, ನನಗೆ ಗೊತ್ತಿಲ್ಲವೇ ಆ ದನಿ. ಸಂತೋಷಕ್ಕೆ ಕೂಗುತ್ತಿದ್ದಾನೆ ಎಂದುಕೊಂಡೆ. ಇನ್ನೂ ಸ್ವಲ್ಪ ಹೊತ್ತು ಬಾರಿಸಿದೆ. ಮನೆಗೆ ಬಂದು ಹೆಸರುಬೇಳೆ ಪಾಯಸ ಮಾಡಿದೆ. ವೃಂದಾಳ ಮನೆಗೂ ಒಂದು ಲೋಟ ಕೊಟ್ಟೆ.

ಬೈಯಿರಿ. ಇನ್ನೂ ಬೈಯಿರಿ. ಆದರೆ ಗಾಯಕ್ಕೆ ನೊಣ ಕೂರದಂತೆ ನೋಡಿಕೊಳ್ಳಿ.

ಭೀಮಾಬಾಯಿ


ತಿರುವಲ್ಲಿಕೇಣಿ
22 ಅಕ್ಟೋಬರ್ 2024

ಸಂಜೀವ ಅವರಿಗೆ,

ನೀವು ಬರೆಯಲಿಲ್ಲ. ಬರೆಯಬೇಕೆಂದೂ ಇಲ್ಲ. ಕಾವಲಿನವನ ಕೈಯಲ್ಲಾದರೂ ಇದ್ದಾನೆ ಎಂಬ ಒಂದು ಮಾತು ಹೇಳಿ ಕಳಿಸಿ. ಇಲ್ಲ ಎಂದಾದರೆ ಅದನ್ನೂ. ಗೊತ್ತಿಲ್ಲದೆ ಇರುವುದು ನನ್ನ ಕೈಲಾಗುವುದಿಲ್ಲ. ಅಂಚೆಯವನ ಸೈಕಲ್ಲು ನಿಂತರೆ ಬಾಗಿಲಿಗೆ ಓಡುತ್ತೇನೆ, ನಿಲ್ಲದಿದ್ದರೂ ಓಡುತ್ತೇನೆ.

ಮನೆಯಲ್ಲಿ ಘಂಟೆಯ ನಾಲಿಗೆಗೆ ಬಟ್ಟೆ ಸುತ್ತಿಬಿಟ್ಟಿದ್ದೇನೆ. ಆ ಸದ್ದು ಕೇಳಿದರೆ ನನಗೆ ಆ ಕೂಗು ಕೇಳಿಸುತ್ತದೆ. ಇವರು ಪೂಜೆಯಲ್ಲಿ ಅದನ್ನೇ ಹಿಡಿದು ಅಲ್ಲಾಡಿಸುತ್ತಾರೆ, ತಪ್ ತಪ್ ಎನ್ನುತ್ತದೆ. "ನಿನಗೆ ಬೇಡದಿದ್ರೆ ಬೇಡ, ದೇವರಿಗಾದ್ರೂ ಕೇಳಿಸಬೇಡ್ವೇನೇ?" ಎಂದರು. ಆದರೆ ಬಟ್ಟೆ ಬಿಚ್ಚಲಿಲ್ಲ.

ಭೀಮಾಬಾಯಿ


14 ನವೆಂಬರ್ 2024

ಅಮ್ಮಾ,

ಇದ್ದಾನೆ. ಹೊಲಿಗೆ ಬಿಚ್ಚಿದೆವು. ದೀಪಾವಳಿಯ ಪಟಾಕಿಗೆ ಮೂಲೆ ಸೇರಿದ್ದ, ನಾನು ಪಂಜರದ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಪಕ್ಕದಲ್ಲಿ ಒಬ್ಬರು ಕೂತಿರಬೇಕು ಎಂದು ನೀವು ಬರೆದಿದ್ದಿರಿ.

ಮೊದಲಿನಿಂದ ಎಲ್ಲ ಶುರು ಮಾಡಿದ್ದೇವೆ. ಈ ಸಲವೂ ಕೆಟ್ಟರೆ ಮತ್ತೊಂದು ಸಲ ಇಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ನೀವು ಏನೂ ಮಾಡದಿರುವುದೇ ನನಗೆ ಸಹಾಯ.

ಸಂಜೀವ


28 ಡಿಸೆಂಬರ್ 2024

ಅಮ್ಮಾ,

ಬದರಿ ಗುಂಪಿನಲ್ಲಿದ್ದಾನೆ. ಹೆಸರು ಬರೆಯಬಾರದು, ಆದರೂ ಬರೆದಿದ್ದೇನೆ. ಘಂಟೆಯಿಲ್ಲದೆ ಉಣ್ಣುತ್ತಾನೆ. ಉಣ್ಣುತ್ತಾನೆ ಎಂದರೆ ಕಿತ್ತುಕೊಳ್ಳುತ್ತಾನೆ. ಮೊನ್ನೆ ಆ ಮುದಿ ಹೆಣ್ಣಿನ ಕೈಯಿಂದಲೇ ಸೌತೆಕಾಯಿ ಕಿತ್ತು ಏಟು ತಿಂದ. ಸಂಜೆ ಅದೇ ಮುದುಕಿ ಅವನ ಬೆನ್ನಿನ ಕೂದಲು ಬಿಡಿಸಿ ಬಿಡಿಸಿ ಹೇನು ನೋಡುತ್ತಿತ್ತು. ಇವನು ಕಣ್ಣು ಮುಚ್ಚಿ ಮಲಗಿದ್ದ. ದೊಡ್ಡ ಗಂಡು ಬಂದರೆ ಎದ್ದು ಜಾಗ ಬಿಡುವುದನ್ನು ಕಲಿತಿದ್ದಾನೆ.

ನಿನ್ನೆ ಸಂಜೆ ತೊಟ್ಟಿಗೆ ಸೊಪ್ಪು ಹಾಕಿದ ಹೊತ್ತಿಗೇ ಸೋನ್‌ಪಾಪ್ಡಿ ಗಾಡಿ ಘಂಟೆ ಬಾರಿಸಿಕೊಂಡು ಹೋಯಿತು. ನಾನು ಬದರಿಯನ್ನೇ ನೋಡಿದೆ. ಅವನು ತಲೆ ಎತ್ತಲಿಲ್ಲ. ತಿನ್ನುತ್ತಲೇ ಇದ್ದ.

ಒಂಟಿ ಪಂಜರ ತೊಳೆದು ಬೇರೆಯವರಿಗೆ ಕೊಟ್ಟಿದ್ದೇವೆ. ನೀವು ಇನ್ನು ಚಿಂತೆ ಬಿಡಬಹುದು.

ಸಂಜೀವ


ತಿರುವಲ್ಲಿಕೇಣಿ
3 ಜನವರಿ 2025

ಸಂಜೀವಪ್ಪಾ,

ಕಾಗದ ತಲುಪಿತು. ಇವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಇವತ್ತು ಹಾಲು ತರಲು ಹೋದವರು ಹಾಲು ಮಾತ್ರ ತಂದರು.

ಧನುರ್ಮಾಸ ಅಲ್ಲವೇ, ಬೆಳಿಗ್ಗೆ ಹುಗ್ಗಿ ಮಾಡಿದ್ದೆ. ಘಂಟೆಯ ಬಟ್ಟೆ ಬಿಚ್ಚಿ ಕೊಟ್ಟೆ. ಇವರು ಬಾರಿಸಿದರು. ನಾವಿಬ್ಬರೂ ಅವನು ಕೂರುತ್ತಿದ್ದ ಜಾಗ ನೋಡಿದೆವು, ಆಮೇಲೆ ಉಂಡೆವು.

ನೀವು ಮಾಡಿದ್ದು ದೊಡ್ಡ ಕೆಲಸ. ನನಗೆ ಬೇಕಾಗಿದ್ದೂ ಇದೇ, ಅವನು ಉಣ್ಣಬೇಕು, ಇನ್ನೇನು. ಸಂತೋಷವಾಗಿದೆ ಎಂದು ಬರೆಯುತ್ತಿದ್ದೇನೆ, ಸಂತೋಷವೇ ಆಗಿದೆ.

ಒಂದೇ ಒಂದು ಕೇಳಬೇಕು. ಆ ಗಾಡಿ ಹೋದಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು? ಈಗಿನ ದಿವಸಗಳಲ್ಲಿ ಸಂಜೆ ಸಮುದ್ರದ ಗಾಳಿ ಜೋರು, ಸದ್ದು ಆ ಕಡೆ ತೇಲಿ ಹೋಗಿರಬಹುದು. ನಿಮಗೆ ಕೇಳಿಸಿತು ಎನ್ನುತ್ತೀರಿ, ನೀವು ಗೋಡೆಯ ಹತ್ತಿರ ನಿಂತಿದ್ದಿರೇನೋ. ಅವನು ತೊಟ್ಟಿಯ ಹತ್ತಿರ, ಅದೂ ಅಷ್ಟು ಕೋತಿಗಳ ಗಲಾಟೆಯಲ್ಲಿ. ಅವನಿಗೆ ಕೇಳಿಸಿರಲಿಕ್ಕಿಲ್ಲ.

ಬೇಡ, ಉತ್ತರ ಬರೆಯಬೇಡಿ. ಮತ್ತೆ ಪರೀಕ್ಷೆ ಮಾಡಲೂ ಹೋಗಬೇಡಿ.

ಇಂತಿ,
ಭೀಮಾಬಾಯಿ